ಎಂಟು ಗಂಟೆಯ ಬಸ್ಸಿನ ಬುತ್ತಿ

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆಯ ಹುಡುಗರನ್ನು ಕಾಲೇಜು ಎಷ್ಟು ಓದಿಸಿತೋ ಬಸ್ಸೂ ಅಷ್ಟೇ ಓದಿಸಿತು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಯಾವ ಊರಿನ ಬಸ್ ಸ್ಟ್ಯಾಂಡಿಗೆ ಬೆಳಿಗ್ಗೆ ಹೋಗಿ ನಿಂತರೂ ಕಾಣುತ್ತಿದ್ದುದು ಒಂದೇ: ಹಳ್ಳಿಯಿಂದ ಬಂದ ಬಸ್ಸಿನಲ್ಲಿ ಡ್ರೈವರನ ಪಕ್ಕ ಬುತ್ತಿ ಗಂಟುಗಳ ರಾಶಿ, ಕೆಳಗೆ ಅದಕ್ಕಾಗಿ ಕಾದು ನಿಂತ ನಮ್ಮಂಥವರು. ಖಾನಾವಳಿಯಲ್ಲಿ ತಿಂಗಳ ಊಟ ಹಚ್ಚುವುದು ಪಗಾರದವರ ಮಕ್ಕಳಿಗೆ ಬಿಟ್ಟದ್ದು. ನಮಗೆ ಮನೆಯ ಜೋಳ, ಮನೆಯ ಒಲೆ, ಊರಿನ ಮೊದಲ ಬಸ್ಸು. ಅವ್ವ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಡಬ್ಬಿಗೆ ಪಲ್ಯ ತುಂಬಿ, ಎರಡನ್ನೂ ಬಟ್ಟೆಯಲ್ಲಿ ಕಟ್ಟಿ ಬಸ್ಸಿಗೆ ಕೊಟ್ಟರೆ ಎಂಟು ಗಂಟೆಗೆ ಅದು ನಾನು ಓದುತ್ತಿದ್ದ ಮುದ್ದೇಬಿಹಾಳದಲ್ಲಿರುತ್ತಿತ್ತು. ಸಂಜೆಯ ಬಸ್ಸಿಗೆ ತೊಳೆದ ಡಬ್ಬಿ ಬಟ್ಟೆಯ ಸಮೇತ ವಾಪಸು ಹೋಗುತ್ತಿತ್ತು.

ಹೆಸರು ಬರೆಯುವ ಪದ್ಧತಿ ಇರಲಿಲ್ಲ. ಕಂಡಕ್ಟರ್ ಗಂಟುಗಳನ್ನು ಸ್ಟ್ಯಾಂಡಿನ ಚಹಾದಂಗಡಿಯ ಬೆಂಚಿನ ಮೇಲೆ ಸಾಲಾಗಿ ಇಡುತ್ತಿದ್ದ. ಯಾರ ಬಟ್ಟೆ ಯಾವುದೆಂದು ಆಯಾ ಹುಡುಗನಿಗೆ ಗೊತ್ತು. ನನ್ನದು ಅವ್ವನ ಹಳೇ ಇಳಕಲ್ ಸೀರೆಯ ತುಂಡು. ನನ್ನ ಕೋಣೆಯ ಗೆಳೆಯನದು ಹಸಿರು ಚೌಕಳಿಯ ಟವೆಲ್ಲು. ಎಲ್ಲರ ಹತ್ತಿರವೂ ಬಟ್ಟೆ-ಡಬ್ಬಿಯ ಜೋಡಿ ಎರಡೆರಡು ಇರುತ್ತಿದ್ದವು, ಒಂದು ಬರುವುದಕ್ಕೆ, ಇನ್ನೊಂದು ಹೋಗುವುದಕ್ಕೆ. ನನ್ನ ಊರು ತಾಳಿಕೋಟೆ ರಸ್ತೆಯ ಮೇಲಿದ್ದುದರಿಂದ ನನ್ನ ಬುತ್ತಿ ಎಂಟಕ್ಕೆ ಬರುತ್ತಿತ್ತು. ಅವನು ಇಂಗಳೇಶ್ವರದ ಕಡೆಯವನು. ಅವನದು ಬಾಗೇವಾಡಿ ಬಸ್ಸಿನಲ್ಲಿ, ಒಂಬತ್ತಕ್ಕೆ.

ಉಳಿತಾಯದಲ್ಲಿ ನಾವಿಬ್ಬರೂ ಪಳಗಿದ ಕೈ. ಎಣ್ಣೆಗಾಣದ ಹಿತ್ತಿಲಿನ ಕೋಣೆಯೊಂದನ್ನು ಅರ್ಧರ್ಧ ಬಾಡಿಗೆಗೆ ಹಿಡಿದಿದ್ದೆವು. ಊರಿಂದ ತಂದ ಶೇಂಗಾ ಚಟ್ನಿ, ಕಾರೆಳ್ಳು ಚಟ್ನಿ ಮುಗಿಯುವವರೆಗೂ ಪೇಟೆಯ ಉಪ್ಪಿನಕಾಯಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೆತ್ತನ ರೊಟ್ಟಿ ಮೊದಲು, ಕಡಕ ರೊಟ್ಟಿ ಆಮೇಲೆ, ಇದು ನಮ್ಮ ನಿಯಮ. ಅರ್ಥಶಾಸ್ತ್ರದ ದಪ್ಪ ಪುಸ್ತಕವನ್ನು ಹಿಂದಿನ ವರ್ಷದವನಿಂದ ಅರ್ಧ ಬೆಲೆಗೆ ಕೊಂಡು, ಹೊಲಿಗೆ ಬಿಚ್ಚಿ, ನಡುವೆ ಎರಡು ಮಾಡಿದ್ದೆವು. ಮುಂದಿನ ಅರ್ಧ ನನ್ನ ಕಡೆ, ಹಿಂದಿನ ಅರ್ಧ ಅವನ ಕಡೆ. ನನ್ನ ಅರ್ಧದಲ್ಲಿದ್ದುದೂ ನನಗೆ ತಿಳಿಯುತ್ತಿರಲಿಲ್ಲ. ಅದನ್ನೂ ಅವನೇ ಹೇಳಿಕೊಡಬೇಕಾಗಿತ್ತು.

ಅವನಿಗೊಂದು ಚಟವಿತ್ತು. ಮಾಸ್ತರರು ಪಾಠ ಮುಗಿಸಿ ಹೊರಗೆ ಹೋದ ಮೇಲೆ ಹಲಗೆಯ ಕೆಳಗೆ ಬಿದ್ದ ಸೀಮೆಸುಣ್ಣದ ತುಂಡುಗಳನ್ನು ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಬಿಳಿಯದು, ಕೆಂಪು, ಹಳದಿ, ಯಾವುದನ್ನೂ ಬಿಡುತ್ತಿರಲಿಲ್ಲ. ಕೋಣೆಯ ನೆಲದ ಮೇಲೆ ಅದರಿಂದ ಲೆಕ್ಕ ಬಿಡಿಸಿ ನನಗೆ ತೋರಿಸುತ್ತಿದ್ದ. ಕಾಗದ ಉಳಿಯುತ್ತದೆ ಎಂದು ಅವನ ವಾದ. ಜಿಪುಣತನದಲ್ಲಿ ನನ್ನನ್ನೂ ಮೀರಿಸಿದ್ದಾನೆ ಎಂದು ನಾನು ಆಡಿಕೊಳ್ಳುತ್ತಿದ್ದೆ.

ಎರಡನೇ ವರ್ಷ ದಸರೆ ಮುಗಿದ ವಾರ ಅವನ ಹಿರಿಯ ಅಣ್ಣನ ಕಾರ್ಡು ಬಂತು. ಅಪ್ಪ-ಅವ್ವ ಮೊದಲೇ ತೀರಿದ್ದರು, ಇಬ್ಬರು ಅಣ್ಣಂದಿರ ಮನೆಯೇ ಅವನ ಮನೆ. ಕಾರ್ಡನ್ನು ಅವನು ನನ್ನೆದುರಿಗೇ ಓದಿದ. ಅಣ್ಣಂದಿರು ಬೇರೆಯಾಗಿದ್ದರು. ಫೀ ಕಟ್ಟಿದೆ, ಬಾಡಿಗೆ ಕಳಿಸುತ್ತೇವೆ, ಊಟಕ್ಕೆ ತೊಂದರೆಯಾದರೆ ಸುಮ್ಮನೆ ಅಲ್ಲಿ ಕೂಡಬೇಡ, ಬಾಗೇವಾಡಿಯ ಅರಿವೆ-ಬಟ್ಟೆಯ ಅಂಗಡಿಯಲ್ಲಿ ನಿನಗೆ ಕೆಲಸ ಗೊತ್ತು ಮಾಡಿದ್ದೇನೆ, ಹೊರಟು ಬಾ ಎಂದಿತ್ತು.

"ಮತ್ತ ಬುತ್ತಿ?" ಎಂದೆ.

"ವೈನಿ ಕಳಸ್ತಾಳ. ಇಬ್ಬರದಾರಲ್ಲ," ಎಂದ.

ಅತ್ತಿಗೆಯರು ಇಬ್ಬರಿದ್ದದ್ದೇ ಕೆಟ್ಟಿತು. ಆಕೆ ಕಳಿಸುತ್ತಾಳೆಂದು ಈಕೆ, ಈಕೆ ಕಳಿಸುತ್ತಾಳೆಂದು ಆಕೆ. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಅಲ್ಲಿಯವರೆಗೆ ಇಬ್ಬರ ಗಂಟನ್ನೂ ಒಟ್ಟಿಗೆ ಬಿಚ್ಚಿ ಉಣ್ಣುತ್ತಿದ್ದವನು ಈಗ ನನ್ನ ಜೊತೆ ಕೂಡುವುದನ್ನೇ ಬಿಟ್ಟ. ಬೆಳಿಗ್ಗೆ ನನ್ನೊಡನೆ ಸ್ಟ್ಯಾಂಡಿಗೆ ಬರುತ್ತಿದ್ದ, ಒಂಬತ್ತರ ಬಸ್ಸಿಗೆ ಕಾಯುತ್ತೇನೆಂದು ಅಲ್ಲೇ ನಿಲ್ಲುತ್ತಿದ್ದ, ಆಮೇಲೆ ಹಸಿರು ಗಂಟು ಹಿಡಿದು ಕೋಣೆಗೆ ಬಂದು ಅದನ್ನು ಗೂಡಿನಲ್ಲಿ ಇಡುತ್ತಿದ್ದ. ನಾನು ಕರೆದರೆ "ನಂದು ಆಮ್ಯಾಗ" ಎನ್ನುತ್ತಿದ್ದ. ವೈನಿಯ ಕೈಯ ಪಲ್ಯ ಹಂಚಿಕೊಳ್ಳಲು ಮನಸ್ಸಿಲ್ಲ ಇವನಿಗೆ ಎಂದು ನಾನೂ ಮುಖ ದಪ್ಪ ಮಾಡಿಕೊಂಡೆ.

ಒಂದು ದಿನ ಅವ್ವನಿಗೆ ಬಸ್ಸು ತಪ್ಪಿತು. ನನ್ನ ಬುತ್ತಿ ಬರಲಿಲ್ಲ. ಮಧ್ಯಾಹ್ನ ಹಸಿದು ಕೋಣೆಗೆ ಬಂದೆ. ಅವನು ಇರಲಿಲ್ಲ, ಗೂಡಿನಲ್ಲಿ ಹಸಿರು ಗಂಟು ಇತ್ತು. ಒಂದೇ ಕೋಣೆಯವರ ಬುತ್ತಿ ಬಿಚ್ಚಲು ಯಾರನ್ನೂ ಕೇಳುವ ಪದ್ಧತಿ ಇರಲಿಲ್ಲ. ಬಿಚ್ಚಿದೆ. ಒಳಗೆ ಎರಡು ಒಡಕು ಹಂಚಿನ ತುಂಡು, ಅವುಗಳ ಮೇಲೆ ಒಂದು ಹಿಡಿ ಚುರಮುರಿ.

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ನನ್ನೆದುರಿಗೆ ನಾಟಕ ಆಡಿದನಲ್ಲ ಎಂದು. ಎರಡನೆಯದು ಭಯ. ಇವನು ಹೀಗೆ ಎಷ್ಟು ದಿನ ತಡೆದಾನು, ಇವನು ಅರಿವೆ ಅಂಗಡಿಗೆ ಹೋದರೆ ಪುಸ್ತಕದ ಹಿಂದಿನ ಅರ್ಧ ನನಗೆ ಹೇಳಿಕೊಡುವವರು ಯಾರು? ಕರುಣೆ ಮೂರನೆಯದಾಗಿ ಬಂತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಗಂಟನ್ನು ಮೊದಲಿದ್ದಂತೆ ಕಟ್ಟಿ ಗೂಡಿನಲ್ಲಿಟ್ಟೆ.

ನೇರವಾಗಿ ಕೇಳಿದರೆ ಅವನು ಅದೇ ದಿನ ಹೊರಡುತ್ತಾನೆ ಎಂಬುದು ನನಗೆ ಗೊತ್ತಿತ್ತು. ಇನ್ನೊಬ್ಬರ ಅನ್ನಕ್ಕೆ ಕೈ ಒಡ್ಡುವ ಆಸಾಮಿ ಅಲ್ಲ. ಆ ಭಾನುವಾರ ಊರಿಗೆ ಹೊರಟಾಗ ಮೊಳೆಗೆ ತೂಗುಬಿಟ್ಟಿದ್ದ ಅವನ ಇನ್ನೊಂದು ಹಸಿರು ಟವೆಲ್ಲು, ಅದರೊಳಗಿನ ಡಬ್ಬಿ, ಎರಡನ್ನೂ ನನ್ನ ಚೀಲಕ್ಕೆ ಸೇರಿಸಿದೆ. ಅವ್ವನಿಗೆ ವಿಷಯ ಹೇಳಿ, ಇದರಲ್ಲೇ ಕಟ್ಟಿ ಕಳಿಸು, ಅವನ ಮನೆಯಿಂದಲೇ ಬಂದಂತೆ ಇರಲಿ ಎಂದೆ.

"ನಾಕ ರೊಟ್ಟಿ ಹೆಚ್ಚ ಬಡದ್ರ ಒಲಿಗೇನ್ ಬ್ಯಾಸರಾ?" ಎಂದು ಅವ್ವ ಟವೆಲ್ಲನ್ನು ಒಗೆಯಲು ಹಾಕಿದಳು.

ಆ ಸಂಜೆಯೇ ನಾನು ಕೋಣೆಗೆ ಮರಳಿದೆ. ಸೋಮವಾರ ಇಬ್ಬರೂ ಸ್ಟ್ಯಾಂಡಿಗೆ ಹೋದೆವು. ಎಂಟರ ಬಸ್ಸು ಬಂತು. ಬೆಂಚಿನ ಮೇಲೆ ನನ್ನ ಇಳಕಲ್ ತುಂಡಿನ ಪಕ್ಕದಲ್ಲೇ ಹಸಿರು ಚೌಕಳಿ.

"ಲೇ, ನಿಂದೂ ಬಂದೈತಿ ನೋಡೋ!" ಎಂದು ಆಶ್ಚರ್ಯ ನಟಿಸಿದೆ.

ಅವನು ಒಮ್ಮೆ ಗಂಟನ್ನು, ಒಮ್ಮೆ ಬಸ್ಸನ್ನು ನೋಡಿದ. ಆಮೇಲೆ ಎತ್ತಿಕೊಂಡು "ಹೂಂ, ಬಂದೈತಿ" ಎಂದ. ಅಂದು ಇಬ್ಬರೂ ಒಟ್ಟಿಗೆ ಕೂತು ಉಂಡೆವು. ಅವನು ಎರಡನೇ ರೊಟ್ಟಿಯನ್ನು ಬಹಳ ನಿಧಾನವಾಗಿ ತಿಂದ. ಸಂಜೆ "ನಾ ಹೆಂಗೂ ಸ್ಟ್ಯಾಂಡಿಗೆ ಹೊಂಟೇನಿ, ನಿನ್ನ ಡಬ್ಬೀನೂ ಕೊಡು, ಬಾಗೇವಾಡಿ ಬಸ್ಸಿಗೆ ಕೊಟ್ಟು ಬರ್ತೇನಿ" ಎಂದೆ. ಬಿಗಿಯಾಗಿ ಗಂಟು ಹಾಕಿ ಕೊಟ್ಟ. ಅದನ್ನು ತಾಳಿಕೋಟೆ ಬಸ್ಸಿಗೆ ಕೊಟ್ಟು ಬಂದೆ. ದಿನವೂ ಹೀಗೇ ನಡೆಯಿತು. ನನ್ನ ಜಾಣತನದ ಬಗ್ಗೆ ನನಗೇ ಬಹಳ ಅಭಿಮಾನ ಮೂಡಿತ್ತು.

ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದೆ. ಮನೆಯ ಅಂಗಳದಲ್ಲಿ ರಂಗೋಲಿ ಇತ್ತು, ಅದರೊಳಗೆ ಕೆಂಪು, ಹಳದಿ ಎಲೆಗಳು. ಅವ್ವ ಹಬ್ಬಕ್ಕೆಂದು ಬಣ್ಣ ಕೊಂಡಿದ್ದಾಳೆ ಎಂದುಕೊಂಡೆ. ಅಂಥ ಖರ್ಚು ಅವಳು ಎಂದೂ ಮಾಡಿದವಳಲ್ಲ. ಕೇಳಿದೆ.

"ನಿನ್ನ ಗೆಳ್ಯಾನ ಡಬ್ಬ್ಯಾಗ ಬಂದಿದ್ದಪಾ," ಎಂದಳು ಅವ್ವ. "ಸುಣ್ಣದ ತುಂಡ. ಕುಟ್ಟಿ ಪುಡಿ ಮಾಡಿ ಹಾಕೇನಿ. ಒಂದಿನ ಸುಣ್ಣದ ತುಂಡ, ಒಂದಿನ ಬಾರಿಹಣ್ಣ, ಒಂದಿನ ನಾಕ ಹುಣಸಿಕಾಯಿ. ಮೊದಲನೇ ದಿನದಿಂದ ಒಂದಿನಾನೂ ಆ ಡಬ್ಬಿ ಬರಿದ ಬಂದಿಲ್ಲ."

ನಮ್ಮ ಕಡೆ ಬೇರೆಯವರ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿಯೇ ಕೊಡಬೇಕು. ಸ್ವಂತ ಮನೆಯ ಡಬ್ಬಿಗೆ ಆ ಕಟ್ಟಳೆ ಇಲ್ಲ. ವೈನಿಯ ಬುತ್ತಿ ಎಂದು ನಂಬಿದ್ದರೆ ಅವನು ಏನನ್ನೂ ಹಾಕುತ್ತಿರಲಿಲ್ಲ. ಅಂದರೆ ಮೊದಲನೇ ದಿನವೇ ಅವನಿಗೆ ತಿಳಿದಿತ್ತು.

"ನಂದು?" ಎಂದು ಕೇಳಿದೆ, ಉತ್ತರ ಗೊತ್ತಿದ್ದೂ.

"ನಿಂದು ಮನಿ ಡಬ್ಬಿ. ಖಾಲಿ ಬಂದ್ರೇನಾತು, ಬರ್ಲಿ ಬಿಡು," ಎಂದಳು ಅವ್ವ. ಆ ಮಾತಿನಲ್ಲಿ ಆಕ್ಷೇಪಣೆ ಇರಲೇ ಇಲ್ಲ. ಆದರೂ ನನಗೆ ನಾಚಿಕೆಯಾಯಿತು. ಒಂದೂವರೆ ವರ್ಷ ದಿನವೂ ಅವಳ ಕೈಯ ರೊಟ್ಟಿ ಉಂಡು ಡಬ್ಬಿ ತೊಳೆದು ಕಳಿಸಿದವನು ನಾನು. ತೊಳೆದದ್ದೇ ದೊಡ್ಡದೆಂದು ತಿಳಿದಿದ್ದೆ.

ಮರುದಿನ ಬುತ್ತಿಗಳ ಜೊತೆಗೇ ಎಂಟರ ಬಸ್ಸಿಗೆ ಮರಳಿದೆ. ಸಂಜೆ ಕೋಣೆಗೆ ಬಂದಾಗ ಅವನು ನೆಲದ ಮೇಲೆ ಬೋರಲಾಗಿ ಮಲಗಿ ಪುಸ್ತಕದ ಹಿಂದಿನ ಅರ್ಧವನ್ನು ಓದುತ್ತಿದ್ದ.

"ಮೊದಲನೇ ದಿನಾನ ಹೆಂಗ ಗೊತ್ತಾತೋ ನಿನಗ?" ಎಂದೆ.

"ಬಾಗೇವಾಡಿ ಬಸ್ಸು ಬರೂದು ಒಂಬತ್ತಕ್ಕ," ಎಂದ ಅವನು, ಪುಟ ತಿರುವುತ್ತ. "ಎಂಟಕ್ಕ ನನ್ನ ಬುತ್ತಿ ಹೆಂಗ ಬರತೈತಿ?"

ಅವ್ವನಿಗೆ ಎಲ್ಲವನ್ನೂ ಹೇಳಿಕೊಟ್ಟಿದ್ದ ನಾನು ಬಸ್ಸಿನ ಹೊತ್ತನ್ನೇ ಮರೆತಿದ್ದೆ. ಹೊರಗೆ ಹೋಗಿ ಆ ದಿನದ ಡಬ್ಬಿಯನ್ನು ತಿಕ್ಕಿ ತೊಳೆದು ತಂದು, ಇಳಕಲ್ ತುಂಡಿನ ಮೇಲಿಟ್ಟೆ. ಖಾಲಿ ಕಟ್ಟಲು ಕೈ ಬರಲಿಲ್ಲ. ಗೂಡು, ಮೊಳೆ, ಟ್ರಂಕು, ಎಲ್ಲ ಕಡೆ ನೋಡಿದೆ. ಆ ಕೋಣೆಯಲ್ಲಿ ಅವ್ವ ಕೊಟ್ಟದ್ದಲ್ಲದ, ನನ್ನದೇ ಎನ್ನಬಹುದಾದ ಒಂದು ವಸ್ತುವೂ ಇರಲಿಲ್ಲ.

ಅವನು ಪುಸ್ತಕದಿಂದ ತಲೆ ಎತ್ತದೆ ಜೇಬಿಗೆ ಕೈ ಹಾಕಿ ಎರಡು ಸೀಮೆಸುಣ್ಣದ ತುಂಡು ತೆಗೆದು ನನ್ನ ಕಡೆ ಉರುಳಿಸಿದ. ಒಂದು ಬಿಳಿಯದು, ಒಂದು ಕೆಂಪು.

"ಇವನ್ನ ನಿನ್ನ ಡಬ್ಬ್ಯಾಗ ಹಾಕು," ಎಂದ. "ನಂದರಾಗ ಇವತ್ತ ಬಾರಿಹಣ್ಣ ಅದಾವು."