ಬೀಗ ಹಾಕದ ಜೈಲು ವಾರ್ಡರ್

ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಚಿಕ್ಕಮಗಳೂರಿನಿಂದ ಶಾರದಕ್ಕನ ಫೋನು ಬಂತು. "ಪರಮೇಶಣ್ಣ ಆಸ್ಪತ್ರೆಯಲ್ಲೇ ಹೋಗ್ಬಿಟ್ಟ ಕಣೇ. ನಾವು ಬರೋದು ಸಂಜೆ ಆಗುತ್ತೆ. ಅವನ ಮನೆಗೊಂದು ಬೀಗ ಹಾಕ್ಬಿಡು."

ಮೂಡಿಗೆರೆಯ ನಮ್ಮ ಬೀದಿಯಲ್ಲಿ ಬೀಗವೇ ಕಾಣದ ಮನೆ ಅವಳ ಅಣ್ಣ ಪರಮೇಶಣ್ಣನದೊಂದೇ. ಅದೂ ಮೂವತ್ತು ವರ್ಷ ಜೈಲು ವಾರ್ಡರ್ ಆಗಿದ್ದವರ ಮನೆ!

ನಿವೃತ್ತಿಯ ಮೇಲೆ ಅವರಿಗೆ ಒಂದೇ ಹುಚ್ಚು. ಯಾವ ದೇಶದ ಜೈಲಲ್ಲಿ ಎಷ್ಟು ಜನ, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಪೇಪರಿನಿಂದ ಹೆಕ್ಕಿ ಹಳೇ ಕ್ಯಾಲೆಂಡರಿನ ಬೆನ್ನಿಗೆ ಬಣ್ಣಬಣ್ಣದ ಗೆರೆ ಎಳೆಯುವುದು. ಜನ ಮೆಣಸಿನ ರೇಟು ಮಾತಾಡಿದರೆ ಇವರು, "ಹಾಲೆಂಡಲ್ಲಿ ಜೈಲು ಮುಚ್ತಿದಾರಂತೆ ಮಾರಾಯ, ಒಳಗೆ ಹಾಕಕ್ಕೆ ಜನ ಇಲ್ವಂತೆ!" ಎನ್ನುತ್ತಿದ್ದರು.

ನಮ್ಮ ದೇಶದ ಗೆರೆ ಒಂದು ವರ್ಷವಾದರೂ ಕೆಳಗೆ ಬಗ್ಗುವವರೆಗೆ ತಮ್ಮ ಬಾಗಿಲಿಗೆ ಬೀಗ ಹಾಕುವುದಿಲ್ಲವೆಂದು ಕಳಸದ ಈಶ್ವರನಿಗೆ ಹರಕೆ ಹೊತ್ತಿದ್ದರು. ಕಳ್ಳರು ಬರಲಿಲ್ಲ, ಅದು ಶಿವನ ದಯೆ. ಮಂಗಗಳು ಬಂದವು. ಬಾಳೆಗೊನೆ ಮುಗಿಸಿ ಹೊರಟವುಗಳನ್ನು ಬಾಗಿಲಲ್ಲಿ ನಿಂತು ಎಣಿಸಿ ನನ್ನನ್ನು ಕೂಗಿದರು. "ಒಳಗೆ ಹೋಗಿದ್ದು ಏಳು, ಬಂದಿದ್ದು ಆರು. ತಂಗೀ, ಒಂದು ಇನ್ನೂ ಒಳಗಿದೆ!"

ಒಂದು ಸೋಮವಾರ ನಮ್ಮಲ್ಲಿ ಊಟಕ್ಕೆ ಬಂದವರು ಕ್ಯಾಲೆಂಡರ್ ಹರಡಿದರು. "ನೋಡು, ಹಾಲೆಂಡು ಎಷ್ಟು ಕೆಳಗೆ, ನಾವು ಎಷ್ಟು ಮೇಲೆ!"

"ಅಣ್ಣಾ, ನಮ್ಮನೇಲಿ ಒಂಬತ್ತು ಜನಕ್ಕೆ ಎರಡು ಸೇರು ಅಕ್ಕಿ. ನಿಮ್ಮೊಬ್ಬರಿಗೆ ಅರ್ಧ ಸೇರು. ಈಗ ಹೊಟ್ಟೆಬಾಕರು ಯಾರು ಹೇಳಿ?"

ಅವರು ಕ್ಯಾಲೆಂಡರ್ ಮಡಿಚಿಟ್ಟರು. ಪಾಯಸ ಎರಡು ಸಲ ಹಾಕಿಸಿಕೊಂಡು, ಮನೆಗೆ ಹೋಗಿ ಕ್ಯಾಲೆಂಡರ್ ಹರಿದರು. ವಾರದ ಮೇಲೆ ಹೊಸದು ತಂದರು. ಲಕ್ಷ ಜನಕ್ಕೆ ಇಷ್ಟು ಎಂಬ ಲೆಕ್ಕ.

"ಹಾಲೆಂಡೇ ನಮಗಿಂತ ಮೇಲಿದೆ ತಂಗೀ!" ಎಂದು ನಕ್ಕರು. ಆಮೇಲೆ ಬೆರಳು ಗೆರೆಯ ಗುಂಟ ಸರಿಯಿತು. "ಆದ್ರೂ ಅವರದು ಇಳ್ದು ಬಂದಿದೆ, ನಮ್ಮದು ಏರ್ತಾನೇ ಇದೆ. ಹೆಚ್ಚಿನವರಿಗೆ ವಿಚಾರಣೆನೇ ಮುಗ್ದಿಲ್ಲ. ಅಂಥೋರ ಮೇಲೆ ಬೀಗ ಜಡಿದ ಕೈ ಇದು."

ಶಾರದಕ್ಕನ ಫೋನಿಟ್ಟು ನಮ್ಮ ಮನೆಯದೇ ಬೀಗ ಹಿಡಿದು ಹೋದೆ. ಗೋಡೆಯ ಕ್ಯಾಲೆಂಡರಿನಲ್ಲಿ ನಮ್ಮ ದೇಶದ ಕೆಂಪು ಗೆರೆ ಇನ್ನೂ ಮೇಲಕ್ಕೇ ಮುಖ ಮಾಡಿತ್ತು. ಮುಂದಿನ ವರ್ಷದ ಚೌಕ ಖಾಲಿ. ಶಾರದಕ್ಕ ಬೈದರೆ ಬೈಯಲಿ ಎಂದುಕೊಂಡು ಬಾಗಿಲು ಎಳೆದು, ಮಂಗ ನುಗ್ಗದಿರಲೆಂದು ಚಿಲಕಕ್ಕೆ ಕಾಫಿ ಗಿಡದ ಕಡ್ಡಿ ಸಿಕ್ಕಿಸಿದೆ. ಬೀಗ ಸೆರಗಿನಲ್ಲೇ ವಾಪಸು ಬಂತು.

ಸಾವಿನ ಮನೆಯವರಿಗೆ ಆ ಸಂಜೆ ನಮ್ಮಲ್ಲೇ ಊಟ. ತಲೆಗಿಷ್ಟು ಎಂದು ಲೆಕ್ಕ ಹಾಕಿ ಇನ್ನೆರಡು ಸೇರು ಮೊರಕ್ಕೆ ಸುರಿದುಕೊಂಡು, ಕಲ್ಲು ಆರಿಸಲು ಕೂತೆ.