ಖಣದ ಕುಪ್ಪಸಕ್ಕೆ ಹಾಕಿದ ಗಂಟು

ಈಗ ಪುಣೆಯ ಹಿಂಜವಾಡಿಯಲ್ಲಿ ನನ್ನದೇ ಹೊಲಿಗೆ ಅಂಗಡಿ ಇದೆ. ಯಾವ ಕ್ಲಾಸಿಗೆ ಹೋಗಿ ಕಲಿತಿರಿ ಎಂದು ಗಿರಾಕಿಗಳು ಕೇಳುತ್ತಾರೆ. ಅತ್ತೆಯ ಕುಪ್ಪಸ ಬಿಚ್ಚಿ ಕಲಿತೆ ಅಂದರೆ ನಗುತ್ತಾರೆ. ನಗಲಿ ಬಿಡಿ, ಸುಳ್ಳು ಹೇಳಲಾದೀತೇ?

ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಮದುವೆಯಾಗಿ ವಿಜಯಪುರದ ಕಡೆಯಿಂದ ಪುಣೆಗೆ ಬಂದ ಮೇಲೆ, ವಿಮಾನ ನಗರದ ಒಂದು ಲೇಡೀಸ್ ಟೇಲರ್ ಅಂಗಡಿಯಲ್ಲಿ ಕಸ ಗುಡಿಸಿ ಹುಕ್ಕು ಹಚ್ಚುವ ಕೆಲಸ ಸಿಕ್ಕಿತು. ಮಷಿನ್ ಮುಟ್ಟಬೇಕೆಂಬ ಆಸೆ ಮಾತ್ರ ಬೆಟ್ಟದಷ್ಟು. ಮನೆಗೆ ಬಂದವಳೇ ಅತ್ತೆಯ ಹಳೆ ಕುಪ್ಪಸಗಳನ್ನು ಬಿಚ್ಚುವುದು, ತುಂಡುಗಳನ್ನು ಪೇಪರಿನ ಮೇಲಿಟ್ಟು ಗೆರೆ ಎಳೆಯುವುದು, ಮತ್ತೆ ಕೈಯಲ್ಲೇ ಹೊಲಿಯುವುದು. ಅಂಗಡಿಯ ಟೇಲರ್ ಮಾಸ್ತರು ಊಟಕ್ಕೆ ಹೋದಾಗ ಚಿಂದಿಯ ಮೇಲೆ ಮಷಿನ್ ಓಡಿಸುವುದು. "ಮೈಮ್ಯಾಗಿಂದಷ್ಟ ಉಳಸವ್ವಾ," ಎಂದು ಅತ್ತೆ ಕೈ ಮುಗಿಯುತ್ತಿದ್ದರು.

ಗಣಪತಿ ಹಬ್ಬದ ಗಡಿಬಿಡಿ. ನಮ್ಮ ಕಡೆಯವರೇ ಆದ ಮಾಸ್ತರು ಆಫೀಸಿಗೆ ಹೋಗುವ ಹುಡುಗಿಯೊಬ್ಬಳು ಬ್ಲೌಸಿಗೆಂದು ಕೊಟ್ಟಿದ್ದ ಖಣದ ಬಟ್ಟೆ ನನ್ನ ಮುಂದೆ ಹಾಕಿದರು. "ಇದನ್ನ ನೆಟ್ಟಗ ಹೊಲಿದ್ರ ಆ ಮೂಲಿ ಮಷಿನ್ ನಿಂದು. ಕೆಡಿಸಿದ್ರ ಮತ್ತ ಕೇಳಬ್ಯಾಡ."

ಖುಷಿಯಿಂದ ಹೊಲಿದೇ ಹೊಲಿದೆ. ಮಾಸ್ತರು ಎತ್ತಿ ಹಿಡಿದು ನೋಡಿದರು. ಅಂಗಡಿಗೆ ಅಂಗಡಿಯೇ ನಕ್ಕಿತು. ಹುಕ್ಕು ಹಚ್ಚಲು ಜಾಗವೇ ಇಲ್ಲ! ಅತ್ತೆಯ ಕುಪ್ಪಸಗಳಂತೆ ಮುಂದೆ ಗಂಟು ಕಟ್ಟಲು ಎರಡು ಉದ್ದನೆಯ ತುದಿಗಳು. ದಿನವೂ ಹುಕ್ಕಿನ ಬ್ಲೌಸ್ ತೊಡುವವಳು ನಾನು, ಆದರೂ ಕೈ ಕಲಿತದ್ದನ್ನೇ ಕತ್ತರಿಸಿತ್ತು. ಅಳು ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೇ ಸಿಟ್ಟು ಬಂತು. ನಾಳೆಯವರೆಗೆ ಬಿಡಿ ಎಂದು ಕಾಡಿ ಬೇಡಿ ಅದನ್ನು ಮನೆಗೆ ತಂದೆ.

ಹುಕ್ಕಿನ ಪಟ್ಟಿ ಹೇಗೆ ಕೂರಿಸುತ್ತಾರೆಂದು ಬಿಚ್ಚಿ ನೋಡಲು ನನ್ನ ಮದುವೆಯ ಬ್ಲೌಸ್ ಹೊರತೆಗೆದೆ. ನನ್ನಲ್ಲಿದ್ದ ಒಳ್ಳೆಯದು ಅದೊಂದೇ. ಬಿಚ್ಚಲು ಕೈ ಬರಲಿಲ್ಲ. ಅತ್ತೆ ಬೈಯುತ್ತಾರೆಂದುಕೊಂಡರೆ, ಪಕ್ಕಕ್ಕೆ ಬಂದು ಕೂತು ಇನ್ನೊಂದು ತುದಿ ಹಿಡಿದುಕೊಂಡರು. "ಬಿಚ್ಚು. ಇಷ್ಟು ದಿನ ನಂದು ಬಿಚ್ಚಿದಿ, ಏನ್ ಸತ್ತೇನು ನಾ?"

ಬಿಚ್ಚಿ, ನೋಡಿ, ಖಣದ ಕುಪ್ಪಸದ ಗಂಟಿನ ತುದಿಗಳನ್ನು ಕತ್ತರಿಸಿ ಒಳಗೆ ಮಡಚಿ ಹುಕ್ಕಿನ ಪಟ್ಟಿ ಮಾಡಿದೆ. ಮರುದಿನ ಹುಡುಗಿ ತೊಟ್ಟು, ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿ, ಇನ್ನೊಂದು ಖಣ ತರುತ್ತೇನೆ ಎಂದು ಮರಾಠಿಯಲ್ಲಿ ಹೇಳಿ ಹೋದಳು.

ಮಾಸ್ತರು ಮೂಲೆಯ ಮಷಿನ್ ಮೇಲಿದ್ದ ಬಟ್ಟೆಗಳನ್ನು ಕೆಳಗಿಳಿಸಿದರು. "ಕೂಡ್ರು," ಅಂದರು. ಕೂತೆ. ಕಣ್ಣು ತುಂಬಿ ಏನೂ ಕಾಣದೆ, ಸೂಜಿಗೆ ದಾರ ಪೋಣಿಸಲು ಅವರೇ ಬರಬೇಕಾಯಿತು.