ಕುಣಿಯುತ್ತಾ ತೆಗೆದ ಫೋಟೋ

ಗೆಳೆಯನ ಕ್ಯಾಮೆರಾ ಲೆನ್ಸ್ ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ಮಲ್ಲೇಶ್ವರದಲ್ಲಿದ್ದ ಅವನಿಗೆ ಅದನ್ನು ಅವನ ಚಿಕ್ಕಪ್ಪ ಸಿಂಗಪುರದಿಂದ ತಂದುಕೊಟ್ಟಿದ್ದರು. ಅರೆಗತ್ತಲಲ್ಲೂ ಬೆಳಕು ಹಿಡಿಯುವ ಲೆನ್ಸ್ ಅದು. ನನ್ನದು ಮಟಮಟ ಮಧ್ಯಾಹ್ನಕ್ಕಷ್ಟೇ ಲಾಯಕ್ಕು. ಅವನು ಅದನ್ನು ಕರವಸ್ತ್ರದಿಂದ ಒರೆಸುವುದು ನೋಡಿದರೂ ಮೈ ಉರಿಯುತ್ತಿತ್ತು.

ಇಬ್ಬರೂ ಕಾಲೇಜು ಮೈದಾನಗಳಲ್ಲಿ ರಾತ್ರಿ ನಡೆಯುವ ರಾಕ್ ಕಾರ್ಯಕ್ರಮಗಳ ಫೋಟೋ ತೆಗೆಯುತ್ತಿದ್ದೆವು. ನಮ್ಮೂರಿನದೇ ಒಂದು ತಂಡದ ಗಾಯಕನಿಗೆ ಫ್ಲ್ಯಾಶ್ ಎಂದರೆ ಆಗುತ್ತಿರಲಿಲ್ಲ. "ಕಣ್ಣಿಗೆ ಹೊಡೆದ್ರೆ ಗಿಟಾರ್ ಇಟ್ಟು ಹೊರಟ್ಬಿಡ್ತೀನಿ ಗುರು," ಎನ್ನುತ್ತಿದ್ದ. ಒಂದು ಸಂಜೆ ಕಾರ್ಯಕ್ರಮಕ್ಕೆ ಮುಂಚೆ ಅವನೇ, "ಇವತ್ತು ನಿಮ್ಮಿಬ್ಬರದ್ರಲ್ಲಿ ಒಂದು ಫೋಟೋ ಮುಂದಿನ ಪೋಸ್ಟರ್‌ಗೆ ಹಾಕ್ತೀವಿ," ಎಂದ. ಆ ಪೋಸ್ಟರ್ ನನ್ನದೇ ಆಗಬೇಕೆಂದು ಹಠ ಹುಟ್ಟಿತು.

ಬಡ ಲೆನ್ಸಿಗೂ ಒಂದು ದಾರಿ ಕಂಡುಕೊಂಡಿದ್ದೆ. ಹೆಚ್ಚು ಬೆಳಕು ಬರಲೆಂದು ಶಟರ್ ನಿಧಾನ ಮಾಡಿ, ಕೈ ಅಲ್ಲಾಡದಂತೆ ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದು ಕಾಯುವುದು. ಸಾಲಿನ ಕೊನೆಯ ಸ್ವರ ಎಳೆಯುವಾಗ ಗಾಯಕ ಅಲ್ಲಾಡದೆ ನಿಲ್ಲುತ್ತಾನೆ, ಆಗ ಒತ್ತಬೇಕು. ನಮ್ಮ ಬಚ್ಚಲುಮನೆಯೇ ಫಿಲ್ಮ್ ತೊಳೆಯುವ ಡಾರ್ಕ್‌ರೂಮ್. ಫಿಲ್ಮನ್ನು ಔಷಧಿಯಲ್ಲಿ ಹೆಚ್ಚು ಹೊತ್ತು ಬಿಟ್ಟು ಕತ್ತಲಿಂದ ಮುಖ ಹೊರಗೆಳೆಯುತ್ತಿದ್ದೆ. ಚಿತ್ರ ರವೆಯಂತೆ ತರಿತರಿಯಾಗುತ್ತಿತ್ತು, ಆದರೆ ಹುಬ್ಬಿನ ಕೂದಲೂ ಎಣಿಸಬಹುದಿತ್ತು. ಅಂದಿನವುಗಳಲ್ಲೂ ಅಲ್ಲಾಡಿದ್ದನ್ನೆಲ್ಲ ಕಸಕ್ಕೆ ಹಾಕಿದೆ.

ಗೆಳೆಯ ಅಂದು ಹಾಡಿನ ಗುಂಗಿನಲ್ಲಿ ಕುಣಿಯುತ್ತಲೇ ಕ್ಲಿಕ್ಕಿಸಿದ್ದ. ಅಂಥ ಲೆನ್ಸ್ ಇದ್ದೂ ಎಲ್ಲ ಕಲಸುಮೇಲೋಗರ! ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. "ನನ್ದೆಲ್ಲಾ ಅಲ್ಲಾಡ್ಬಿಟ್ಟಿದೆ ಮಗಾ, ನಿಂದೇ ಹಾಕ್ತಾರೆ ಬಿಡು," ಎಂದು ಅವನೇ ನಕ್ಕ.

ಗಾಯಕ ನನ್ನ ಫೋಟೋ ನೋಡಿ, "ಚೆನ್ನಾಗಿದೆ, ಪಾಸ್‌ಪೋರ್ಟಿಗೆ ಹಾಕ್ಬೋದು," ಎಂದ. ಆಮೇಲೆ ಗೆಳೆಯನದೊಂದನ್ನು ಎತ್ತಿಕೊಂಡ. ಮುಖವೇ ಇಲ್ಲ; ಕೂದಲು, ಗಿಟಾರು, ಡ್ರಮ್ ಬಡಿಯುವ ಕೈ ಎಲ್ಲ ಬೆಳಕಿನ ಗೀರುಗಳು. "ಗುರು, ಇದ್ರಲ್ಲಿ ಸೌಂಡ್ ಬರ್ತಿದೆ!" ಎಂದು ಕೂಗಿದ. ಅವನ ಮಾತು ನಿಜ ಎಂಬುದೇ ನನ್ನನ್ನು ಸುಟ್ಟಿತು. ಈ ಸಲ ಲೆನ್ಸನ್ನು ಬೈಯುವ ಹಾಗೂ ಇರಲಿಲ್ಲ.

ಗೆಳೆಯ ತೆಗೆದ ಫೋಟೋದ ಪೋಸ್ಟರ್ ನಮ್ಮ ಮನೆ ಹತ್ತಿರದ ಗಾಂಧಿಬಜಾರಿನ ಗೋಡೆಗಳಿಗೆಲ್ಲ ಬಿತ್ತು. ನಮ್ಮ ಕಡೆ ಕ್ಯಾಮೆರಾ ಹಿಡಿದು ಓಡಾಡುವವನು ನಾನೊಬ್ಬನೇ ಆದ್ದರಿಂದ ಕಂಡವರೆಲ್ಲ ತಡೆದು ನಿಲ್ಲಿಸಿದರು. "ಏನ್ ಫೋಟೋ ಮಾರಾಯ! ಇಷ್ಟು ದಿನ ಎಲ್ಲಿಟ್ಟಿದ್ದೆ ಇದನ್ನ?" ನನ್ನ ಜೀವಮಾನದಲ್ಲಿ ಅಷ್ಟು ಹೊಗಳಿಕೆ ಕೇಳಿರಲಿಲ್ಲ. "ನಂದಲ್ಲ, ಅವನ್ದು," ಎಂದು ಒಬ್ಬೊಬ್ಬರಿಗೂ ಹೇಳುತ್ತಾ ಮನೆ ಸೇರಿದೆ.